ಗರಗಸದಿಂದ ಹುಟ್ಟಿದ ಕರಡಿ

1946ರ ಮಾತು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನೊಬ್ಬ ಸೌದೆ ಒಡೆಯುತ್ತಿದ್ದ. ಒಂದು ಬೊಡ್ಡೆಯಲ್ಲಿ ತೋರುಬೆರಳಿನಷ್ಟು ಗಾತ್ರದ ಹುಳು ಕಾಣಿಸಿತು. ಮರ ಕೊರೆಯುವ ದುಂಬಿಯ ಮರಿ ಅದು. ಬೇರೆಯವರಾಗಿದ್ದರೆ ಹುಳುವನ್ನು ಅತ್ತ ಎಸೆದು ಕೆಲಸ ಮುಂದುವರಿಸುತ್ತಿದ್ದರೋ ಏನೋ. ಕಾಕ್ಸ್ ಮಾತ್ರ ಕುಳಿತು ನೋಡಿದ. ನಾವು ಕೊಡಲಿಯಿಂದ ಒಡೆಯಲು ಬೆವರು ಸುರಿಸುವ ಮರವನ್ನು ಆ ಹುಳು ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ತಿಂದುಕೊಂಡು ಹೋಗುತ್ತಿತ್ತು. ಅದರ ಎರಡು ದವಡೆಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಚ್ಚುತ್ತಿದ್ದವು.

ಅಲ್ಲಿಯವರೆಗೂ ಯಂತ್ರದ ಗರಗಸದ ಸರಪಳಿಗೆ ಕೈಗರಗಸದಂಥದೇ ಹಲ್ಲುಗಳಿದ್ದವು. ಅವು ಮರವನ್ನು ಗೀರುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. ಕಾಕ್ಸ್ ಆ ಹುಳುವಿನ ದವಡೆಯನ್ನೇ ಉಕ್ಕಿನಲ್ಲಿ ಮಾಡಿ, ಎಡಕ್ಕೊಂದು ಬಲಕ್ಕೊಂದರಂತೆ ಸರಪಳಿಗೆ ಪೋಣಿಸಿದ. 1947ರಲ್ಲಿ ಪೋರ್ಟ್‌ಲ್ಯಾಂಡ್ ನಗರದ ತನ್ನ ಮನೆಯ ನೆಲಮಾಳಿಗೆಯಲ್ಲಿ ಅದನ್ನು ತಯಾರಿಸಿ ಮಾರತೊಡಗಿದ. ಇವತ್ತು ನಮ್ಮ ಮಲೆನಾಡಿನ ತೋಟಗಳಲ್ಲಿ 'ಗುರ್ರ್' ಎನ್ನುವ ಚೈನ್‌ಸಾಗಳ ಬಾಯಲ್ಲಿರುವುದೂ ಆ ಹುಳುವಿನ ಹಲ್ಲೇ.

ಮಕ್ಕಳೇ, ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಮರ ಉರುಳಿಸಲೆಂದು ಹುಟ್ಟಿದ ಈ ಯಂತ್ರದಿಂದ ಕರಡಿ, ಗೂಬೆ, ಹದ್ದು, ಮೀನುಗಳನ್ನು ಕೆತ್ತುವವರಿದ್ದಾರೆ. ಆ ವಿದ್ಯೆಯನ್ನು ನಾನು ನನ್ನ 61ನೇ ವಯಸ್ಸಿನಲ್ಲಿ ಕಲಿಯಲು ಹೊರಟೆ.

ನನ್ನ ಹುಟ್ಟೂರು ಸಾಗರದ ಹತ್ತಿರದ ಹಳ್ಳಿ. ಕೆಲಸದ ಮೇಲೆ ಒರೆಗಾನ್‌ಗೆ ಬಂದು 28 ವರ್ಷವಾಯಿತು. ಮಲೆನಾಡಿನವನಿಗೆ ಇಲ್ಲಿನ ಮಳೆ, ಜಿಗಣೆಯಿಲ್ಲದ ಮಳೆ, ಬಹಳ ಹಿಡಿಸಿತು. ವಾರವಿಡೀ ಕಂಪ್ಯೂಟರ್ ಮುಂದೆ ಕುಳಿತರೂ ಶನಿವಾರ ಬೆಳಗಾದರೆ ಬೆನ್ನಿಗೆ ಚೀಲ ಏರಿಸಿ ಬೆಟ್ಟಕ್ಕೆ ಹೊರಡುತ್ತಿದ್ದೆ. ಹಿಮ ಹೊದ್ದ ಮೌಂಟ್ ಹುಡ್ ಪರ್ವತವನ್ನು ಸುತ್ತುವರಿಯುವ 64 ಕಿಲೋಮೀಟರ್ ಕಾಲುದಾರಿಯನ್ನು ಮೂರು ಸಲ ನಡೆದಿದ್ದೇನೆ. ಮೊಮ್ಮಗನಿಗೆ ಒಂದು ಮಾತು ಕೊಟ್ಟಿದ್ದೆ: ಒಂಬತ್ತು ವರ್ಷ ತುಂಬಲಿ, ಕಾಡಿನಲ್ಲಿ ಕರಡಿ ತೋರಿಸುತ್ತೇನೆ ಎಂದು. ಅವನಿಗೆ ಎಂಟು ತುಂಬುವಾಗ ನನ್ನ ಮಂಡಿಗಳು ಕೈಕೊಟ್ಟವು. ಡಾಕ್ಟರು ಫೋಟೊ ನೋಡಿ, ಸಪಾಟು ನೆಲದಲ್ಲಿ ಎಷ್ಟು ಬೇಕಾದರೂ ಓಡಾಡಿ, ಬೆಟ್ಟ ಹತ್ತಿ ಇಳಿಯುವುದು ಇನ್ನು ಸಾಕು ಎಂದರು.

ಈ ಪತ್ರಿಕೆ ಓದುವ ಅಜ್ಜ–ಅಜ್ಜಿಯರಿಗೆ ಆ ಮಾತಿನ ಭಾರ ಗೊತ್ತು. ಕಾಲು ಸೋತರೂ ಮನಸ್ಸು ಬೆಟ್ಟ ಹತ್ತುವುದನ್ನು ಬಿಡುವುದಿಲ್ಲ. ಆ ಚಳಿಗಾಲ ನಾನು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತದ್ದೇ ಹೆಚ್ಚು.

ಅದೇ ಚಳಿಗಾಲದ ಒಂದು ಬಿರುಗಾಳಿಗೆ ನಮ್ಮ ಬೀದಿಯ ದೊಡ್ಡ ಕೆಂಪು ಸೀಡರ್ ಮರ ಉರುಳಿತು. ಸಾಮಾನ್ಯವಾಗಿ ಹೀಗೆ ಬಿದ್ದ ಮರವನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿಸಿ ಗಿಡಗಳ ಬುಡಕ್ಕೆ ಹಾಕುತ್ತಾರೆ. ಬೀದಿಯ ಕೊನೆಯ ಮನೆಯ ಮುದುಕರು ಬಂದು ನಾಲ್ಕು ದಿಮ್ಮಿ ತಮಗೆ ಬೇಕೆಂದರು. ಅವರಿಗೆ 74 ವರ್ಷ. ಯೌವನದಲ್ಲಿ ಕಾಡಿನಲ್ಲಿ ಮರ ಉರುಳಿಸುವ ಕೂಲಿ ಮಾಡಿದವರು, ಈಗ ಗರಗಸದಿಂದ ಗೂಬೆ ಕೆತ್ತುವವರು. ದಿಮ್ಮಿ ಉರುಳಿಸಲು ಕೈ ಕೊಡಲು ಹೋದ ನಾನು ಅವರ ಶಿಷ್ಯನಾಗಿ ಮನೆಗೆ ಬಂದೆ. "ಮಾರಾಯ್ರೇ, ಮಂಡಿ ಹೋದದ್ದು ಸಾಲದೇ? ಇನ್ನು ಕೈಯೂ ಹೋಗಬೇಕೆ?" ಎಂದಳು ನನ್ನವಳು. ಅವಳ ಹೆದರಿಕೆ ಸುಳ್ಳಲ್ಲ. ಅದಕ್ಕೇ ಆ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲ ಪಾಠ ಸೋಪು

ಮೊದಲ ದಿನ ಗುರುಗಳು ನನ್ನ ಕೈಗೆ ಗರಗಸ ಕೊಡಲಿಲ್ಲ. ಒಂದು ಸೋಪು, ಒಂದು ಹಳೆಯ ಚಮಚ ಕೊಟ್ಟರು. ಇದರಲ್ಲಿ ಕರಡಿ ಮಾಡಿಕೊಂಡು ಬಾ, ಆಮೇಲೆ ಮಾತಾಡೋಣ ಎಂದರು.

ಇದು ತಮಾಷೆಯಲ್ಲ. ಜೇಡಿಮಣ್ಣಿನಲ್ಲಿ ಗಣಪತಿ ಮಾಡುವಾಗ ಹೊಟ್ಟೆ ಸಣ್ಣದಾಯಿತೆಂದರೆ ಇನ್ನೊಂದು ಉಂಡೆ ಮಣ್ಣು ಮೆತ್ತಬಹುದು. ಮರದಲ್ಲಿ, ಕಲ್ಲಿನಲ್ಲಿ, ಸೋಪಿನಲ್ಲಿ ಆ ಸೌಕರ್ಯವಿಲ್ಲ. ತೆಗೆದದ್ದು ತೆಗೆದ ಹಾಗೆಯೇ. ಆದ್ದರಿಂದ ಕರಡಿಯ ಕಿವಿಗೆ, ಮೂಗಿಗೆ ಬೇಕಾದ ಭಾಗವನ್ನು ಎಲ್ಲಕ್ಕಿಂತ ಮೊದಲೇ ಲೆಕ್ಕ ಹಾಕಿ ಉಳಿಸಿಕೊಳ್ಳಬೇಕು. ಮೂಗು ಬೇಕಾದ್ದಕ್ಕಿಂತ ದಪ್ಪ ಇರಲಿ, ಆಮೇಲೆ ಇಳಿಸಬಹುದು. ಕಣ್ಣು ಬೇಕಾದ್ದಕ್ಕಿಂತ ಚಿಕ್ಕದಿರಲಿ, ಆಮೇಲೆ ಹಿಗ್ಗಿಸಬಹುದು. ಇದು ಕೆತ್ತುವವರ ಹಳೆಯ ಲೆಕ್ಕ.

ಮಕ್ಕಳೇ, ಈ ಪಾಠ ನೀವೂ ಮಾಡಬಹುದು. ಒಂದು ಮೆತ್ತನೆಯ ಸೋಪು, ಐಸ್‌ಕ್ರೀಂ ಕಡ್ಡಿ, ಹಳೆಯ ಚಮಚ ಇದ್ದರೆ ಸಾಕು, ಚಾಕು ಬೇಡ. ಮೊದಲು ಸೋಪಿನ ನಾಲ್ಕೂ ಬದಿಗೆ ಚಿತ್ರ ಗೀಚಿಕೊಳ್ಳಿ. ಮುಂದಿನಿಂದ ಕರಡಿ ಹೇಗೆ ಕಾಣುತ್ತದೆಂದು ಎಲ್ಲರಿಗೂ ಗೊತ್ತು. ಹಿಂದಿನಿಂದ ಹೇಗೆ ಕಾಣುತ್ತದೆ? ಅಲ್ಲೇ ಇರುವುದು ಕಷ್ಟ. ಕೆರೆದ ಪುಡಿಯನ್ನು ಅಜ್ಜಿಗೆ ಕೊಡಿ, ಬಟ್ಟೆ ನೆನೆಸಲು ಆಗುತ್ತದೆ.

ನಾನು ಕೆರೆದ ಸೋಪು ನಾಲ್ಕು. ನಾಲ್ಕನೆಯದನ್ನು ಗುರುಗಳು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, "ಕರಡಿಯನ್ನು ನೀನು ನಿಜವಾಗಿ ನೋಡಿದ್ದೀಯ ಅಲ್ಲವೇ?" ಎಂದರು. ನೋಡಿದ್ದೆ. ಅದರ ಕತೆ ಮುಂದೆ ಬರುತ್ತದೆ.

ಸರಪಳಿಯ ಕೋಪ

ಚೈನ್‌ಸಾದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಗಂಟೆಗೆ 72 ಕಿಲೋಮೀಟರ್ ಆಯಿತು. ಹೆದ್ದಾರಿಯಲ್ಲಿ ಕೆಂಪು ಬಸ್ಸು ಓಡುವ ವೇಗ. ಆ ವೇಗದಲ್ಲಿ ಓಡುವ ಹಲ್ಲುಗಳನ್ನು ನಾವು ಎರಡು ಕೈಯಲ್ಲಿ ಹಿಡಿದುಕೊಂಡಿರುತ್ತೇವೆ. ಸರಪಳಿ ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿಗೆ ಒಂದು ಮೂಗಿದೆ. ಆ ಮೂಗಿನ ಮೇಲ್ಭಾಗ ಮರಕ್ಕೆ ತಾಗಿತೋ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಡೀ ಗರಗಸ ಹಿಡಿದವನ ಮುಖದ ಕಡೆಗೆ ಚಿಮ್ಮುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ನನಗೆ ಇದು ನಮ್ಮ ಮನೆಯ ಹಳೆಯ ಎಮ್ಮೆಯ ಒದೆತದಂತೆ ಕೇಳಿಸಿತು: ಯಾವ ಜಾಗ ಮುಟ್ಟಬಾರದೆಂದು ಗೊತ್ತಿದ್ದವನಿಗೆ ಹಾಲು, ಗೊತ್ತಿಲ್ಲದವನಿಗೆ ಒದೆ.

ಮರ ಉರುಳಿಸುವವನು ಆ ಮೂಗನ್ನು ಮರದಿಂದ ದೂರವಿಡುತ್ತಾನೆ. ಕೆತ್ತುವವನಿಗೆ ಮೂಗಿನ ತುದಿಯೇ ಪೆನ್ಸಿಲ್ಲು. ಏನು ಮಾಡುವುದು? ಇದಕ್ಕೆಂದೇ ತೀರ ಚೂಪು ಮೂಗಿನ ಪಟ್ಟಿಗಳಿವೆ. ಅವುಗಳ ಹೆಸರು ಇಲ್ಲಿನ ನಾಣ್ಯಗಳದ್ದು: 10 ಸೆಂಟಿನ ನಾಣ್ಯದ ಹೆಸರಿನ 'ಡೈಮ್' ಮೂಗು, 25 ಸೆಂಟಿನ ನಾಣ್ಯದ ಹೆಸರಿನ 'ಕ್ವಾರ್ಟರ್' ಮೂಗು. ಮೂಗು ಚಿಕ್ಕದಾದಷ್ಟೂ ಒದೆತ ಕಡಿಮೆ. ಕಡಿಮೆ ಅಷ್ಟೇ, ಇಲ್ಲವೇ ಇಲ್ಲ ಎಂದಲ್ಲ. ಗರಗಸದ ಮುಂಭಾಗದಲ್ಲಿ ಒಂದು ಅಡ್ಡ ಹಿಡಿಕೆ ಇದೆ. ಗರಗಸ ಚಿಮ್ಮಿದರೆ ಅದು ಮುಂದಕ್ಕೆ ಬಾಗಿ ಸರಪಳಿಯನ್ನು ತಕ್ಷಣ ನಿಲ್ಲಿಸುತ್ತದೆ. ದಿನವೂ ಕೆಲಸಕ್ಕೆ ಮುಂಚೆ ಅದನ್ನು ಪರೀಕ್ಷಿಸದೆ ಗುರುಗಳು ಮರ ಮುಟ್ಟಲು ಬಿಡುತ್ತಿರಲಿಲ್ಲ.

ಮೈಮೇಲಿನ ಕವಚ ಯಕ್ಷಗಾನದ ವೇಷ ಕಟ್ಟಿದಂತೆ. ತಲೆಗೆ ಶಿರಸ್ತ್ರಾಣ, ಮುಖಕ್ಕೆ ಜಾಲರಿ, ಅದರೊಳಗೆ ಕನ್ನಡಕ, ಮೂಗಿಗೆ ಮುಸುಕು, ಕಿವಿಗೆ ದಪ್ಪ ಮುಚ್ಚಳ, ಕೈಗವಸು, ಉಕ್ಕಿನ ತುದಿಯ ಬೂಟು. ಗರಗಸದ ಸದ್ದು ಹಿಡಿದವನ ಕಿವಿಗೆ 100 ಡೆಸಿಬೆಲ್‌ಗಿಂತ ಹೆಚ್ಚು. 85 ದಾಟಿದ ಸದ್ದನ್ನು ಗಂಟೆಗಟ್ಟಲೆ ಕೇಳಿದರೇ ಕಿವಿ ಕೆಡುತ್ತದೆ. ಮುಸುಕು ಯಾಕೆಂದರೆ ಕೆಂಪು ಸೀಡರ್‌ನ ಪುಡಿ ಎಷ್ಟು ಘಮಘಮಿಸುತ್ತದೋ ಶ್ವಾಸಕೋಶಕ್ಕೆ ಅಷ್ಟೇ ಕೆಟ್ಟದ್ದು, ಉಬ್ಬಸ ತರಿಸುತ್ತದೆ. ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ತೊಡೆಯಿಂದ ಪಾದದವರೆಗೆ ಕಟ್ಟಿಕೊಳ್ಳುವ ಚಾಪ್ಸ್ ಎಂಬ ದಪ್ಪ ಬಟ್ಟೆ. ಅದರೊಳಗೆ ಪದರ ಪದರವಾಗಿ ಗಟ್ಟಿ ನಾರುಗಳಿರುತ್ತವೆ. ಸರಪಳಿ ಅದಕ್ಕೆ ತಾಗಿದರೆ ನಾರುಗಳೆಲ್ಲ ಎಳೆಯೆಳೆಯಾಗಿ ಹೊರಬಂದು ಸರಪಳಿಯ ಚಕ್ರಕ್ಕೆ ಸುತ್ತಿಕೊಂಡು ಯಂತ್ರದ ಉಸಿರು ಕಟ್ಟಿಸುತ್ತವೆ. ಸೀರೆಯ ಸೆರಗು ಸೈಕಲ್ ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆಂದು ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಅಪಾಯ ತರುವುದೇ ಇಲ್ಲಿ ಕಾಲು ಉಳಿಸುತ್ತದೆ.

ಮನೆಯವರಿಗೂ ಕಟ್ಟಳೆ ಇತ್ತು. ಕೆಲಸದ ಜಾಗದ ಸುತ್ತ ಹತ್ತು ಮೀಟರ್ ದೂರದಲ್ಲಿ ಹಗ್ಗ. ಯಾರೂ ಹಿಂದಿನಿಂದ ಬಂದು ಬೆನ್ನು ತಟ್ಟುವಂತಿಲ್ಲ. ಕಾಫಿ ಆಯಿತೆಂದರೆ ನನ್ನವಳು ಎದುರಿನ ಜಗಲಿಯಲ್ಲಿ ನಿಂತು ಕೆಂಪು ಟವೆಲ್ ಬೀಸುತ್ತಿದ್ದಳು. ಮೊಮ್ಮಗನ ಜಾಗ ಅಡುಗೆಮನೆಯ ಕಿಟಕಿಯ ಗಾಜಿನ ಹಿಂದೆ. ಅವನು ಬೇಕಾದಷ್ಟು ಗೋಗರೆದ, ನಾನು ಬಗ್ಗಲಿಲ್ಲ.

ಎರಡನೆಯ ವಾರವೆಲ್ಲ ಅರ ಹಾಕುವುದೇ ಆಯಿತು. ದುಂಡನೆಯ ಅರದಿಂದ ಸರಪಳಿಯ ಒಂದೊಂದು ಹಲ್ಲನ್ನೂ ಒಂದೇ ಓರೆಯಲ್ಲಿ, ಒಂದೇ ಲೆಕ್ಕದಲ್ಲಿ ತಿಕ್ಕಬೇಕು. ಹರಿತವಾಗಿದೆಯೋ ಇಲ್ಲವೋ ಎಂದು ತಿಳಿಯಲು ಹಲ್ಲು ಮುಟ್ಟಬೇಕಿಲ್ಲ, ನೆಲ ನೋಡಿದರಾಯಿತು. ಚಕ್ಕೆಚಕ್ಕೆಯಾಗಿ ಉದುರಿದರೆ ಹಲ್ಲು ಚೆನ್ನಾಗಿದೆ. ರಾಗಿಹಿಟ್ಟಿನಂತೆ ನುಣ್ಣಗೆ ಉದುರಿದರೆ ಗರಗಸ ನಿಲ್ಲಿಸಿ ಅರ ಹಿಡಿ. ಮೊಂಡು ಗರಗಸವನ್ನು ಮನುಷ್ಯ ಒತ್ತುತ್ತಾನೆ, ಒತ್ತಿದಾಗಲೇ ಕೈ ಜಾರುವುದು.

ಕರಡಿಗೆ ಮುಂಚೆ ಅಣಬೆ

ಈ ಕಲೆಗೆ ವಯಸ್ಸು ಬಹಳ ಇಲ್ಲ. ಸರಪಳಿಯ ಗರಗಸದ ಮೂಲ ಹಿಡಿಯಲು ಹೊರಟರೆ 1830ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಮೂಳೆ ಕೊಯ್ಯಲು ಮಾಡಿದ ಕೈಯಿಂದ ತಿರುಗಿಸುವ ಪುಟ್ಟ ಉಪಕರಣದವರೆಗೂ ಹೋಗಬಹುದು. ಆಮೇಲೆ 1926ರಲ್ಲಿ ಅದೇ ದೇಶದ ಆಂಡ್ರಿಯಾಸ್ ಸ್ಟಿಲ್ ವಿದ್ಯುತ್ತಿನಿಂದ ಓಡುವ, ಇಬ್ಬರು ಹಿಡಿಯಬೇಕಾದ ಮರಗರಗಸ ಮಾಡಿದರು. ಅದರಲ್ಲಿ ಕೆತ್ತನೆಯ ಆಟ ಶುರುವಾದದ್ದು 1950ರ ದಶಕದಲ್ಲಿ, ಅಮೆರಿಕದಲ್ಲಿ. ರೇ ಮರ್ಫಿ ಎಂಬ ಹುಡುಗ ಅಪ್ಪನ ಗರಗಸದಿಂದ ಸಹೋದರನ ಹೆಸರನ್ನು ಮರದ ಮೇಲೆ ಕೊರೆದನಂತೆ. ಈಗ ಇದಕ್ಕೆ ಜಾತ್ರೆಗಳೇ ಇವೆ. ನಮ್ಮ ಒರೆಗಾನ್ ಕರಾವಳಿಯ ರೀಡ್ಸ್‌ಪೋರ್ಟ್‌ನಲ್ಲಿ, ಕೆನಡಾದ ಚೆಟ್ವಿಂಡ್ ಎಂಬ ಪುಟ್ಟ ಊರಿನಲ್ಲಿ ಜೂನ್ ತಿಂಗಳಲ್ಲಿ ಸ್ಪರ್ಧೆ ನಡೆಯುತ್ತದೆ. ಚೆಟ್ವಿಂಡ್‌ನಲ್ಲಿ ಗೆದ್ದ ಕೆತ್ತನೆಗಳು ಬೀದಿಬೀದಿಯಲ್ಲಿ ನಿಂತಿವೆ.

ಇಲ್ಲೊಂದು ಮಾತು ಸೇರಿಸಬೇಕು. ಇಲ್ಲಿಂದ ಉತ್ತರದ ಕರಾವಳಿಯ ಮೂಲನಿವಾಸಿಗಳು ಯಂತ್ರ ಬರುವ ಎಷ್ಟೋ ತಲೆಮಾರು ಮೊದಲೇ ಇದೇ ಕೆಂಪು ಸೀಡರ್‌ನಲ್ಲಿ ದೋಣಿ ಕೊರೆದವರು, ಮನೆತನದ ಕತೆ ಹೇಳುವ ಎತ್ತರದ ಟೋಟೆಮ್ ಕಂಬ ಕೆತ್ತಿದವರು. ಅವರ ಕಂಬದ ರೂಪಗಳು ಅವರ ಮನೆತನಗಳ ಆಸ್ತಿ. ಗುರುಗಳು ಕರಡಿ ಕೆತ್ತುತ್ತಾರೆ, ಆ ಕಂಬಗಳ ಕರಡಿಯನ್ನು ಕೆತ್ತುವುದಿಲ್ಲ. ನನಗೆ ಅದು ಸರಿಯೆನಿಸಿತು.

ನಮ್ಮೂರಿನಲ್ಲೂ ಕೆತ್ತುವವರಿದ್ದಾರೆಯೇ ಎಂದು ಅವರು ಕೇಳಿದರು. ಸಾಗರದ ಗುಡಿಗಾರರು ಮಾಡಿದ, ಹೆಬ್ಬೆರಳುದ್ದದ ಶ್ರೀಗಂಧದ ಗಣಪತಿಯನ್ನು ದೇವರ ಕೋಣೆಯಿಂದ ತಂದು ತೋರಿಸಿದೆ. ಭೂತಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಸೊಂಡಿಲ ಮೇಲಿನ ಗೆರೆ, ಇಲಿಯ ಮೀಸೆ ಎಲ್ಲವನ್ನೂ ನೋಡಿ ಮುಗಿಸಿ, "ಇವನ ಗರಗಸ ಎಷ್ಟು ದೊಡ್ಡದು?" ಎಂದರು. ಉಳಿಯ ಅಳತೆಯನ್ನು ಬೆರಳಲ್ಲಿ ತೋರಿಸಿದೆ. ಆ ದಿನ ಅವರು ಮತ್ತೆ ಯಂತ್ರ ಚಾಲೂ ಮಾಡಲಿಲ್ಲ.

ಕಲಿಯುವವರೆಲ್ಲ ಮೊದಲು ಕೆತ್ತುವುದು ಅಣಬೆ. ಮೇಲೆ ಕೊಡೆ, ಕೆಳಗೆ ಕಾಂಡ, ಅಷ್ಟೇ. ಆದರೂ ನೇರ ಕೊಯ್ಲು, ಓರೆ ಕೊಯ್ಲು, ಗುಂಡಗೆ ಸವರುವುದು ಮೂರೂ ಅದರಲ್ಲಿವೆ. ಏಳು ಅಣಬೆ ಕೆತ್ತಿದೆ. ಬೀದಿಯ ಏಳು ಮನೆಯ ಕೈತೋಟದಲ್ಲಿ ಅವು ಇವೆ.

ಏಪ್ರಿಲ್‌ನಲ್ಲಿ ಬಿರುಗಾಳಿಗೆ ಬಿದ್ದ ಮರದ ದಿಮ್ಮಿ ಎದುರಿಗೆ ಬಂದು ನಿಂತಿತು. ಮೂರು ಅಡಿ ಎತ್ತರ, ಹದಿನಾಲ್ಕು ಅಂಗುಲ ದಪ್ಪ. ತೊಗಟೆ ಸುಲಿದು, ಮುಂದೆ ನಡುವಿನಲ್ಲಿ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆದೆವು. ಮೇಲಿನ ಮೂರನೆಯ ಒಂದು ಪಾಲು ತಲೆಗೆ. ಇನ್ನು ನಿನ್ನ ಕರಡಿ ಎಲ್ಲಿ ಕೂತಿದೆ ಹೇಳು ಎಂದರು ಗುರುಗಳು.

ಹೇಳಬಲ್ಲವನಾಗಿದ್ದೆ. 2009ರ ಆಗಸ್ಟ್‌ನಲ್ಲಿ ಮೌಂಟ್ ಹುಡ್‌ನ ಇಳಿಜಾರಿನಲ್ಲಿ, ಹಕಲ್‌ಬೆರಿ ಎಂಬ ಕಡುನೇರಳೆ ಬಣ್ಣದ ಪುಟ್ಟ ಹಣ್ಣಿನ ಪೊದೆಗಳ ನಡುವೆ ಒಂದು ಕರಿ ಕರಡಿ ಕುಳಿತಿತ್ತು. ನಾನು ಎದುರಿನ ದಿಬ್ಬದ ಮೇಲೆ, ಗಾಳಿ ಅದರ ಕಡೆಯಿಂದ ನನ್ನ ಕಡೆಗೆ. ಅದು ಅಂಗಳದಲ್ಲಿ ಅಡಿಕೆ ಸುಲಿಯಲು ಕೂತ ಹೆಂಗಸಿನ ಹಾಗೆ ಕಾಲು ಚಾಚಿ ಕುಳಿತು, ಮುಂಗೈಯಿಂದ ಗೆಲ್ಲು ಎಳೆದುಕೊಂಡು, ತುಟಿಯಿಂದ ಒಂದೊಂದೇ ಹಣ್ಣು ಬಿಡಿಸುತ್ತಿತ್ತು. ಎಲ್ಲೋ ಕಾಗೆಯೊಂದು ಕೂಗಿತು. ಮೊದಲು ಕಿವಿ ಎದ್ದವು. ಆಮೇಲೆ ಮೂಗು ಮೇಲಾಯಿತು. ತಲೆ ತಿರುಗಿದ್ದು ಕೊನೆಗೆ. ಒಂದು ಕಿವಿ ಮುಂದಕ್ಕೆ, ಇನ್ನೊಂದು ಕಿವಿ ಮಾತ್ರ ಇನ್ನೂ ಪಕ್ಕಕ್ಕೇ ಇತ್ತು.

ನನಗೆ ಬೇಕಾದದ್ದು ಆ ಕ್ಷಣದ ಕರಡಿ. ಬೆಟ್ಟ ಹತ್ತಿದ ಅಷ್ಟು ವರ್ಷಗಳಲ್ಲಿ ನಾನು ಗಳಿಸಿದ ಆಸ್ತಿ ಎಂದರೆ ಇಂಥ ನೋಟಗಳೇ. ಅವು ಮಂಡಿಯಲ್ಲಿ ಇರಲಿಲ್ಲವಾದ್ದರಿಂದ ಎಲ್ಲಿಗೂ ಹೋಗಿರಲಿಲ್ಲ.

ಕೆತ್ತನೆ ಆರು ವಾರಾಂತ್ಯ ನಡೆಯಿತು. ಮೊದಲು ದೊಡ್ಡ ಕೊಯ್ಲು: ತಲೆಯ ಎರಡು ಬದಿ, ಕತ್ತಿನ ಹಿಂಭಾಗ, ಮೂತಿಯ ಮೇಲಿನ ಇಳಿಜಾರು. ಮೂತಿ ಮುಂದೆ ಬರಬೇಕಾದರೆ ಗದ್ದ ಮತ್ತು ಎದೆ ಹಿಂದೆ ಸರಿಯಬೇಕು. ಅಂದರೆ ನಾವು ಮೂತಿಯನ್ನು ಕೆತ್ತುವುದೇ ಇಲ್ಲ, ಅದರ ಸುತ್ತಲಿನದನ್ನು ತೆಗೆಯುತ್ತೇವೆ. ಐದು ನಿಮಿಷ ಕೊಯ್ದರೆ ಹದಿನೈದು ನಿಮಿಷ ಗರಗಸ ಆರಿಸಿ ದೂರ ನಿಂತು ನೋಡುವುದು. ಇಷ್ಟು ಗದ್ದಲದ ಯಂತ್ರದ ಕೆಲಸದಲ್ಲಿ ಇಷ್ಟೊಂದು ಮೌನ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಬೆನ್ನ ಹಿಂದೆ ಉದ್ದಕ್ಕೂ ಒಂದು ಸೀಳು ಕೊಟ್ಟೆವು, ಮರದ ತಿರುಳು ಮುಟ್ಟುವವರೆಗೆ. ಹಸಿ ದಿಮ್ಮಿ ಒಣಗುವಾಗ ಹೊರಮೈ ಬೇಗ ಕುಗ್ಗುತ್ತದೆ, ಒಳಗು ಕುಗ್ಗುವುದಿಲ್ಲ. ಎಲ್ಲಾದರೊಂದು ಕಡೆ ಬಿರಿಯಲೇಬೇಕು. ನಮ್ಮ ಬಡಗಿಗಳು ಹಲಸಿನ ಹಲಗೆಯನ್ನು ನೆರಳಲ್ಲಿ ವರ್ಷಗಟ್ಟಲೆ ಇಡುವುದು ಇದಕ್ಕೇ. ಇಡೀ ದಿಮ್ಮಿಗೆ ಅಷ್ಟು ಕಾಯಲಾಗದು. ಹಿಂದೆ ಸೀಳು ಕೊಟ್ಟರೆ ಬಿರುಕು ಬಹುಮಟ್ಟಿಗೆ ಆ ದಾರಿ ಹಿಡಿದು ಹೋಗುತ್ತದೆ, ಮುಖ ಉಳಿಯುತ್ತದೆ.

ಕೊನೆಗೆ ಸುಡುವುದು. ಗ್ಯಾಸಿನ ಬೆಂಕಿಯನ್ನು ಮೈಮೇಲೆ ಆಡಿಸಿದರೆ ಗರಗಸದ ಗೀರುಗಳ ಅಂಚು ಕಪ್ಪಾಗಿ ಥೇಟ್ ಕೂದಲಂತೆ ಕಾಣುತ್ತವೆ. ಒರೆಗಾನ್‌ನ ಬೇಸಿಗೆ ಕಾಡ್ಗಿಚ್ಚಿನ ಕಾಲವಾದ್ದರಿಂದ ಅಂಗಳಕ್ಕೆ ನೀರು ಚಿಮುಕಿಸಿ, ಪಕ್ಕದಲ್ಲಿ ಪೈಪು ಇಟ್ಟುಕೊಂಡೇ ಈ ಕೆಲಸ. ಗರಗಸ ಪೆಟ್ಟಿಗೆ ಸೇರಿ, ಮರ ತಣ್ಣಗಾದ ಮೇಲೆ ಮೊಮ್ಮಗನಿಗೆ ಹಗ್ಗ ದಾಟಿ ಬರಲು ಅಪ್ಪಣೆ ಸಿಕ್ಕಿತು. ಕೈಗೆ ಬ್ರಷ್ಷು, ಮೂಗಿಗೆ ಮುಸುಕು. ಕರಿಯನ್ನು ಉಜ್ಜಿ ತೆಗೆಯುವುದು ಅವನ ಕೆಲಸ.

ಉಜ್ಜುತ್ತಾ ಉಜ್ಜುತ್ತಾ ತಲೆಯ ಹತ್ತಿರ ಬಂದು ನಿಂತ. ಒಂದು ಕಿವಿ ಮುಟ್ಟಿದ, ಇನ್ನೊಂದು ಮುಟ್ಟಿದ.

"ಅಜ್ಜ, ಇದು ಏನನ್ನೋ ಕೇಳಿಸಿಕೊಳ್ತಾ ಇದೆ."

"ಏನನ್ನು?"

ಅವನು ಕರಡಿ ನೋಡುತ್ತಿದ್ದ ಕಡೆಗೇ ತಿರುಗಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಲ್ಲಿ ಏನೋ ಇದೆ" ಎಂದು ಪಿಸುಗುಟ್ಟಿದ. ಕಾಗೆಯ ಕತೆಯನ್ನು ನಾನು ಅವನಿಗೆ ಅದುವರೆಗೂ ಹೇಳಿರಲಿಲ್ಲ. ಆಗ ಹೇಳಿದೆ. ಮುಸುಕು ತೆಗೆದು, ಇಬ್ಬರೂ ಒದ್ದೆ ಅಂಗಳದಲ್ಲಿ ಕುಳಿತು, ಕಾಫಿಗೆ ಕೆಂಪು ಟವೆಲ್ ಮೂರು ಸಲ ಬೀಸುವವರೆಗೆ.

ಕಳೆದ ಡಿಸೆಂಬರ್‌ನಲ್ಲಿ ಅವನನ್ನು ಊರಿಗೆ ಕರೆದುಕೊಂಡು ಬಂದಾಗ ಹಂಪಿಯ ಹತ್ತಿರದ ದರೋಜಿ ಕರಡಿಧಾಮಕ್ಕೂ ಹೋದೆವು. ಅಲ್ಲಿನ ವೀಕ್ಷಣಾ ಗೋಪುರದವರೆಗೂ ಕಾರು ಹೋಗುತ್ತದೆ, ನನ್ನ ಮಂಡಿಗೆ ತೊಂದರೆಯಿಲ್ಲ. ಸಂಜೆ ಬಂಡೆಗಳ ನಡುವಿನಿಂದ ಒಂದು ತಾಯಿಕರಡಿ ಇಳಿದು ಬಂತು, ಬೆನ್ನ ಮೇಲೆ ಮರಿ. ಒರೆಗಾನ್‌ನ ಕರಿ ಕರಡಿ ಹೀಗೆ ಮರಿ ಹೊರುವುದಿಲ್ಲ. ನಮ್ಮ ಕರಡಿ ಹೊರುತ್ತದೆ. ಕೂದಲು ಜಡೆಜಡೆಯಾಗಿ ಉದ್ದ, ಮೂತಿ ಬಿಳಿಚು, ಎದೆಯ ಮೇಲೆ ಬಿಳಿಯ ಪಟ್ಟೆ. ಗೆದ್ದಲು ಹೀರುವ ಬಾಯಿ. ಮೊಮ್ಮಗ ದುರ್ಬೀನು ಬಿಡಲೇ ಇಲ್ಲ. ತಾಯಿ ಬಂಡೆಯಿಂದ ಇಳಿಯುವಾಗ ಮರಿ ಯಾವ ಕಡೆಗೆ ವಾಲುತ್ತದೆ ಎಂದು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡ.

ಅವೇ ನಾಲ್ಕು ದಿಮ್ಮಿಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಈಗ ನಮ್ಮ ಅಂಗಳದಲ್ಲಿದೆ. ಮೈಯೆಲ್ಲ ಸುಟ್ಟು ಎದೆಯ ಪಟ್ಟೆಯನ್ನು ಮಾತ್ರ ಸುಡದೆ ಬಿಡಬೇಕೆಂದು ಅವನ ಸಲಹೆ. ಬೆನ್ನ ಮೇಲೆ ಮರಿಗೆ ಬೇಕಾಗುವಷ್ಟು ಮರ ಮೊದಲೇ ಉಳಿಸಬೇಕು ಎಂದು ಸೀಮೆಸುಣ್ಣದಿಂದ ಅವನೇ ಗೆರೆ ಎಳೆದಿದ್ದಾನೆ. ಗುರುಗಳು ಬಂದು ನೋಡಿ, ಗೆರೆಯನ್ನು ಎರಡು ಅಂಗುಲ ಮೇಲಕ್ಕೆ ಸರಿಸಿದರು. ಮಳೆ ನಿಂತ ಮೊದಲ ಶನಿವಾರ ಕೆಲಸ ಶುರು.